ನೂರಾ ಹನ್ನೊಂದು ದಿನ ಬಂದ ಗುರವ್ವ

"ಕೈಲೆ ಕೊಡಬ್ಯಾಡ ಅಂದೇನಿ, ಬಾಕಿನ ಮ್ಯಾಲ ಇಡು! ಎಷ್ಟ ಸಲ ಹೇಳಬೇಕ ನಿನಗ? ತಲಿಯಾಗ ಸಗಣಿ ತುಂಬೇತೇನ?"

ಲೈಬ್ರರಿಯನ್ ಬಸಂತರಾಯ ಕುರ್ಚಿಯಿಂದ ಏಳಲೂ ಇಲ್ಲ. ಮುಂದೆ ಚಾಚಿದ್ದ ಪುಸ್ತಕವನ್ನು ನಾನು ಹಿಂದಕ್ಕೆಳೆದುಕೊಂಡು ಬಾಕಿನ ಮೇಲಿಟ್ಟೆ. ಎದುರು ನಿಂತಿದ್ದ ಪಿಂಚಣಿ ಮಾಸ್ತರ ಶ್ರೀಶೈಲಪ್ಪನವರು ಅದನ್ನು ಎರಡು ಸಲ ಊದಿ, ಧೋತರದ ಚುಂಗಿನಿಂದ ಒರೆಸಿ ಎತ್ತಿಕೊಂಡರು.

"ಧೂಳ ಭಾಳ ಆಗೇತಿ ರಾಯರ," ಎಂದರು, ನನ್ನ ಕಡೆ ನೋಡದೆ. ಆ ಕಪಾಟನ್ನು ಅವತ್ತು ಬೆಳಿಗ್ಗೆಯಷ್ಟೇ ನಾನು ಒರೆಸಿದ್ದೆ.

"ಅದು ಹೊಸಾ ಧೂಳರಿ ಮಾಸ್ತರ. ಬಿಜಾಪುರದಿಂದ ಹುಕುಂ ತಗೊಂಡು ಬಂದ ಕುಂತೈತಿ. ಝಾಡಿಸಿದ್ರ ಹೋಗೂದಿಲ್ಲ."

ಇಬ್ಬರೂ ನಕ್ಕರು.

ಹುಣಸಿಕಟ್ಟಿಯ ಲೈಬ್ರರಿಗೆ ನಾನು ಕೆಲಸ ಕಲಿಯುವ ಉಮೇದುವಾರಳಾಗಿ ಸೇರಿ ಏಳು ತಿಂಗಳಾಗಿತ್ತು. ವರ್ಷ ತುಂಬಿದ ಮೇಲೆ ಬಸಂತರಾಯ ಒಂದು ಕಾಗದದ ಮೇಲೆ 'ಕಸ್ತೂರೆವ್ವನಿಗೆ ಕೆಲಸ ಬರುತ್ತದೆ' ಎಂದು ಬರೆದು ಸಹಿ ಹಾಕಬೇಕು. ಆ ಕಾಗದವಿದ್ದರೆ ಸಿಂದಗಿಯಲ್ಲೋ ಮುದ್ದೇಬಿಹಾಳದಲ್ಲೋ ನೌಕರಿ. ಇಲ್ಲದಿದ್ದರೆ ಆಲಮೇಲದ ಕಡೆ ಕಬ್ಬಿನ ಒಣಗರಿ, ರವದಿ, ಸುಲಿಯುವುದು. ನಮ್ಮ ಕೇರಿಯಲ್ಲಿ ಮೆಟ್ರಿಕ್ ದಾಟಿದವಳು ನಾನೊಬ್ಬಳೇ. ದಾಟಿ ಬಂದ ಮೇಲೆ ಈ ದಂಡೆಯಲ್ಲಿಯೂ ನಾನೊಬ್ಬಳೇ.

ಕೆಲಸ ಕಲಿತೆ. ಪುಸ್ತಕಕ್ಕೆ ನಂಬರು ಹಾಕುವುದು, ಕೊನೆಯ ಹಾಳೆಗೆ ತಾರೀಖಿನ ಚೀಟಿ ಅಂಟಿಸುವುದು, ಠಸ್ಸೆ ಒತ್ತುವುದು. ರಾಜ್ಯದ ಹೆಸರು ಬದಲಾಗಿ ವರ್ಷವಾಗುತ್ತ ಬಂದರೂ ಠಸ್ಸೆ ಹಳೆಯದೇ. ಒತ್ತಿದ ಮೇಲೆ 'ಮೈಸೂರು' ಹೊಡೆದು 'ಕರ್ನಾಟಕ' ಎಂದು ಪೆನ್ನಿನಿಂದ ಬರೆಯಬೇಕು. ಕಪಾಟಿನ ಪಕ್ಕದ ಗೋಣಿತಟ್ಟು ನನ್ನ ಜಾಗ. ಜವಾನ ನಬಿಸಾಬ ಬಸಂತರಾಯನ ಎದುರಿಗೆ ನನ್ನ ಬೊಗಸೆಗೆ ಎತ್ತರದಿಂದ ನೀರು ಹೊಯ್ಯುತ್ತಿದ್ದ. ಬಸಂತರಾಯ ಇಲ್ಲದಾಗ ತಂಬಿಗೆಯನ್ನೇ ಕೈಗೆ ಕೊಡುತ್ತಿದ್ದ. ಆದರೂ ಮಾತು ಕಡಿಮೆ. ಎಷ್ಟೋ ದಿನ ನಾನು ಮುಂಜಾನೆಯಿಂದ ಸಂಜೆಯವರೆಗೆ 'ಹೂಂನ್ರಿ' ಬಿಟ್ಟು ಬೇರೆ ಶಬ್ದ ಆಡದೆ ಮನೆಗೆ ಹೋದದ್ದುಂಟು.

ಓದುಗರ ರಜಿಸ್ಟರು ಬರೆಯುವುದನ್ನು ಮಾತ್ರ ಬಸಂತರಾಯ ತಾನೇ ಕೂತು ಕಲಿಸಿದ್ದ.

"ಇದ ಖರೇ ವಿದ್ಯಾ, ನೋಡ್ಕೊ. ಪೇಪರ ಓದಾಕ ಬರೂದು ನಾಕ ಮಂದಿ. ಸರಕಾರ ದಿನಾ ನಾಲ್ವತ್ತ ಮಂದಿ ಬೇಕಂತೈತಿ. ಇಲ್ಲಂದ್ರ ಲೈಬ್ರರಿಗೆ ಕೀಲಿ. ಹೆಸರು, ಓಣಿ, ಓದಿದ ಪುಸ್ತಕ ತುಂಬು. ಕೈಬರಹ ಬ್ಯಾರೆ ಬ್ಯಾರೆ ಕಾಣಬೇಕ."

"ಯಾರ ಹೆಸರ ಬರೀಲ್ರಿ?"

"ಯಾರದರೆ ಬರಿ. ಇದ್ದವರದು, ಸತ್ತವರದು. ಸರಕಾರಕ್ಕ ಹೆಸರ ಬೇಕು, ಮಾರಿ ಬ್ಯಾಡ."

ನನ್ನ ಅಜ್ಜಿ, ನಮ್ಮ ಆಯಿ, ಹೇಳುತ್ತಿದ್ದ ಕಥೆಯೊಂದಿತ್ತು. ಯಾರೂ ಇಲ್ಲದ ಅರಮನೆಯಲ್ಲಿ ಸಿಕ್ಕಿಕೊಂಡ ಹುಡುಗಿ ಕಂಬಗಳಿಗೆಲ್ಲ ಹೆಸರಿಟ್ಟು ಮಾತಾಡಿಸುತ್ತಾಳೆ. ಮೂರನೆಯ ವರ್ಷಕ್ಕೆ ಒಂದು ಕಂಬ "ಓ" ಎನ್ನುತ್ತದೆ. ನಾನು ಅಷ್ಟು ಕಾಯಲಿಲ್ಲ. ಮೊದಲ ದಿನವೇ ಗೌಡರ ದನದ ಕೊಟ್ಟಿಗೆಯಿಂದ ಸಗಣಿ ಬುಟ್ಟಿ ಹೊರುವ ಸೀತವ್ವನನ್ನು ರಜಿಸ್ಟರಿನೊಳಗೆ ಕರೆತಂದು ಅಡುಗೆಯ ಪುಸ್ತಕ ಕೊಟ್ಟೆ. ಅವಳು ಚಿತ್ರದ ಹೋಳಿಗೆ ನೋಡಿ ಬಾಯಿ ಮುಚ್ಚಿಕೊಂಡು ನಕ್ಕಳು. ಮೆಟ್ಟು ಹೊಲಿಯುವ ಸಿದ್ದರಾಯ ಬೇಸಾಯದ ಮಾಸಿಕ ಕೇಳಿದ. ಇಡೀ ಕೇರಿಯೇ ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬಂತು. ಮುದುಕರಿಗೆ ಎಡಗೈಯಿಂದ ಸಹಿ ಹಾಕಿದೆ, ಸೊಸೆಯಂದಿರಿಗೆ ವಾಲಿದ ಅಕ್ಷರ. ಕೊನೆಗೆ ಆಯಿ ಬಂದಳು, ಗುರವ್ವ. ಅವಳಿಗೆ ಕಥೆಯ ಪುಸ್ತಕವೇ ಬೇಕು. ಓದುತ್ತ ಓದುತ್ತ ತಕರಾರು: "ಇಲ್ಲವ್ವ ಕಸ್ತೂರಿ, ಬರದಾವಗ ಗೊತ್ತಿಲ್ಲ. ಆ ರಾಜಾ ಸತ್ತಿಲ್ಲ, ಮಲಗ್ಯಾನ."

ಮಧ್ಯಾಹ್ನದ ಹೊತ್ತು ತಲೆಯೆತ್ತಿ ನೋಡಿದರೆ ಖಾಲಿ ಕುರ್ಚಿಗಳ ತುಂಬ ಮಂದಿ. ಸದ್ದೇ ಇಲ್ಲ.

ಶುಕ್ರವಾರ ತಪಾಸಣೆಗೆ ಜೀಪು ಬಂತು. ಸಾಹೇಬರು ಚಹಾ ಕುಡಿಯುತ್ತ ರಜಿಸ್ಟರಿನ ಹಾಳೆ ತಿರುವಿ, ಕೊನೆಗೆ ನಾನು ಒಬ್ಬೊಬ್ಬ ಓದುಗರ ಹಾಜರಿ ಕೂಡಿಸಿ ಬರೆದಿದ್ದ ಹಾಳೆಗೆ ಬಂದರು. ಒಂದು ಕಡೆ ಬೆರಳು ನಿಂತಿತು.

"ಈ ಗುರವ್ವ ಯಾರ್ರೀ ಬಸಂತರಾವ್? ಏಳು ತಿಂಗಳೊಳಗ ನೂರಾ ಹನ್ನೊಂದು ದಿನ ಬಂದಾಳ!"

ಬಸಂತರಾಯ ಒಂದು ದಿನವೂ ಆ ಹಾಳೆಗಳನ್ನು ಓದಿದವನಲ್ಲ. "ಅಕೀನ್ರಿ? ಭಾಳ ಓದೂ ಹುಚ್ರಿ. ಬಾಗಲಾ ತಗಿಯೂಕಿಂತ ಮೊದಲ ಬಂದ ನಿಂತಿರ್ತಾಳ್ರಿ."

"ಕರಸ್ರಿ. ಫೋಟೋ ತಗದು ವರದಿಗೆ ಹಾಕೂಣು. ಹಳ್ಳಿ ಹೆಣ್ಣಮಗಳು, ದಿನಾ ಓದ್ತಾಳಂದ್ರ ಬೆಂಗಳೂರಿನ್ಯಾವ್ರು ಖುಷಿ ಆಗ್ತಾರ."

"ನಬಿಸಾಬ, ಹೋಗಿ ಗುರವ್ವನ್ನ ಕರಕೊಂಬಾ."

ನಬಿಸಾಬ ಹೋಗಲಿಲ್ಲ. ನನ್ನನ್ನು ನೋಡಿದ, ನೆಲ ನೋಡಿದ. "ಕೆಳಗಿನ ಕೇರಿ ಗುರವ್ವೇನ್ರಿ? ಅಕಿ ಸತ್ತು ಎರಡ ವರ್ಷಾತಲ್ರಿ."

ಸಾಹೇಬರು ಮೆಲ್ಲಗೆ ರಜಿಸ್ಟರು ಮುಚ್ಚಿದರು. ಉಳಿದ ಚಹಾ ಕುಡಿದರು. "ಸೋಮವಾರ ಮತ್ತ ಬರ್ತೇನಿ. ಅಷ್ಟರಾಗ ಎಲ್ಲಾ ಸುದ್ದ ಇರಲಿ. ನಾಲ್ವತ್ತರ ಲೆಕ್ಕ ಮಾತ್ರ ಕಮ್ಮಿ ಆಗಬಾರದು." ಜೀಪು ಹೋಯಿತು.

ಬಸಂತರಾಯ ರಜಿಸ್ಟರನ್ನು ಮೊದಲಿನಿಂದ ಓದಿದ. ಬೆರಳು ಕೆಳಗಿಳಿದಂತೆಲ್ಲ ಮುಖ ಕಪ್ಪಿಟ್ಟಿತು.

"ಸೀತವ್ವ... ಸಿದ್ದರಾಯ... ಎಲೀ ರಂಡೆ! ಇಡೀ ಹೊಲಗೇರಿನ ತಂದ ಒಳಗ ಕುಂಡ್ರಿಸೀಯಲ್ಲ!"

"ಯಾರದರೆ ಬರಿ ಅಂದಿದ್ರಲ್ರಿ. ಸತ್ತವರದೂ ಬರಿ ಅಂದಿದ್ರಿ."

"ಸತ್ತವರದ ಬರಿ ಅಂದ್ನಿ. ನಿಮ್ಮವರದ ಬರಿ ಅಂದ್ನೇನ?"

ಮರುದಿನ ಮುಂಜಾನೆ ಬಾಕಿನ ಮೇಲೆ ಹೊಸ ರಜಿಸ್ಟರು ಇತ್ತು, ಪಕ್ಕದಲ್ಲಿ ಗೌಡರ ಓಣಿಯ ಮತದಾರರ ಯಾದಿ. ಬಸಂತರಾಯನ ದನಿ ಈಗ ತಣ್ಣಗಿತ್ತು.

"ಇದರಾಗ ನೋಡಿ ಎಲ್ಲಾ ತಿದ್ದಿ ಬರಿ. ಗುರವ್ವ ಇದ್ದಲ್ಲೆಲ್ಲ ಚನ್ನವ್ವ ಗೌಡಶಾನಿ. ಹಗಲೂ ರಾತ್ರಿ ಕುಂತು ನಾಳಿ ಸಂಜಿಮಟ ಮುಗಸು, ವರ್ಷ ತುಂಬದಿದ್ರೂ ನಿನ್ನ ಕಾಗದಕ್ಕ ಸಹಿ ಹಾಕತೇನಿ. ಒಲ್ಲೆ ಅಂದ್ರ ಕುಡಗೋಲ ತಗೊಂಡು ಕಬ್ಬಿಗೆ ನಡಿ."

ಬರೆಯಲು ಕೂತೆ. ಬರೆದೆ ಕೂಡ. ಸೀತವ್ವನನ್ನು ತೆಗೆದೆ, ಸಿದ್ದರಾಯನನ್ನು ತೆಗೆದೆ. ಮೂರು ಹಾಳೆ ಮುಗಿಯಿತು. ನಾಲ್ಕನೆಯ ಹಾಳೆಯಲ್ಲಿ ಆಯಿ ಬಂದಳು. ಚನ್ನವ್ವ ಗೌಡಶಾನಿ ಈ ಮೆಟ್ಟಿಲು ಹತ್ತಿದವಳಲ್ಲ. ಆಯಿಯೂ ಹತ್ತಿರಲಿಲ್ಲ. 'ಚ' ಎಂದು ಬರೆಯುವಷ್ಟರಲ್ಲಿ ಕೈ ನಿಂತುಬಿಟ್ಟಿತು. ಮಸಿಯ ಹನಿಯೊಂದು ಅಕ್ಷರದ ಮೇಲೆ ಬಿದ್ದು ಹರಡಿತು.

"ಬರದ ಬಿಡವ್ವ ಮಗಳ," ಎಂದ ನಬಿಸಾಬ, ಕಸ ಗುಡಿಸುತ್ತ ಹತ್ತಿರ ಬಂದು. "ಸತ್ತವ್ರು ಸಿಟ್ಟಾಗೂದಿಲ್ಲ."

"ಅದಕ್ಕ ಅಂಜಿಕಿ ಬರಾಕತ್ತೇತಿ ಕಾಕಾ. ಅಕಿ ಏನೂ ಅನ್ನೂದಿಲ್ಲ."

ಪೆನ್ನಿನ ಟೋಪಿ ಹಾಕಿದೆ. ಹಳೆಯ ರಜಿಸ್ಟರು ತೆರೆದು ಹುಡುಕಿದೆ. ಏಳು ತಿಂಗಳಲ್ಲಿ ಕೇರಿಯವರೆಲ್ಲ ಬಂದುಹೋಗಿದ್ದರು, ನನ್ನ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. ಉಮೇದುವಾರರು ಓದುಗರಲ್ಲ. ಅವತ್ತಿನ ತಾರೀಖು ಹಾಕಿ, ನನ್ನದೇ ಕೈಬರಹದಲ್ಲಿ ಬರೆದೆ: ಕಸ್ತೂರೆವ್ವ, ಕೆಳಗಿನ ಕೇರಿ. ಕಪಾಟಿನಿಂದ ಕೈಗೆ ಸಿಕ್ಕ ಪುಸ್ತಕ ತೆಗೆದುಕೊಂಡು ಹೋಗಿ ನಡುಮೇಜಿನ ಮುಂದಿನ ಕುರ್ಚಿಯಲ್ಲಿ ಕೂತೆ.

ಪೇಪರು ಓದುತ್ತಿದ್ದ ನಾಲ್ವರ ಕೈಗಳು ನಿಂತವು. ಶ್ರೀಶೈಲಪ್ಪನವರು ಕನ್ನಡಕ ತೆಗೆದು ಮಡಿಚಿ ಎದ್ದರು. ಅವರ ಹಿಂದೆ ಉಳಿದ ಮೂವರು. ಒಬ್ಬ ಹೊಸ್ತಿಲಲ್ಲಿ ಉಗುಳಿ ಹೋದ.

ಹೊರಗೆ ಕಟ್ಟೆಯ ಮೇಲಿದ್ದ ಬಸಂತರಾಯ ಓಡಿ ಬಂದ. "ಏಳ! ಏಳ ಅಂತೇನಿ! ಉಮೇದುವಾರಳಾಗಿ ಕುರ್ಚಿ ಮ್ಯಾಲ ಕುಂಡ್ರತೀ?"

"ಉಮೇದುವಾರಕಿ ಈಗಿನತನಾ ಇದ್ನಿರಿ. ಈಗ ಓದಾಕ ಬಂದೇನಿ."

"ನಿನ್ನ ಕಾಗದ ಹರದ ಒಲಿಗೆ ಹಾಕತೇನಿ!"

"ಹಾಕ್ರಿ."

ಅವನು ನನ್ನ ರಟ್ಟೆ ಹಿಡಿದು ಎಳೆಯಲು ಕೈ ಚಾಚಿದ. ಕೈ ಗೇಣು ದೂರದಲ್ಲಿ ಗಾಳಿಯಲ್ಲಿಯೇ ನಿಂತಿತು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂದಿದ್ದ. ಬೆರಳುಗಳು ಒಮ್ಮೆ ಬಿಚ್ಚಿದವು, ಒಮ್ಮೆ ಮುಚ್ಚಿದವು. ಮುಟ್ಟಲು ಆಗಲಿಲ್ಲ.

"ನಬಿಸಾಬ! ಕಿಡಕಿ ಹಾಕು! ಎಲ್ಲಾ ಹಾಕು! ಕತ್ತಲದಾಗ ಏನ ಓದ್ತಾಳ ಓದಲಿ."

ಇನ್ನೂ ಹನ್ನೊಂದು ಗಂಟೆ. ನಬಿಸಾಬ ಮೊದಲ ಕಿಟಕಿಯ ಕದ ಎಳೆದ. ಎರಡನೆಯದು. ಹೊರಗೆ ಮಂದಿ ಕೂಡುತ್ತಿದ್ದರು, ಅವರಲ್ಲಿ ನಮ್ಮ ಕೇರಿಯವರು ಒಬ್ಬರೂ ಇರಲಿಲ್ಲ. ಅವರೆಲ್ಲ ಆ ಹೊತ್ತಿಗೆ ಹೊಲಗಳಲ್ಲಿ ಬಗ್ಗಿರುತ್ತಾರೆ. ಮೂರನೆಯದು, ನಾಲ್ಕನೆಯದು. ಮೇಜು ಮುಳುಗಿತು, ಕುರ್ಚಿಗಳು ಮುಳುಗಿದವು. ಐದನೆಯ ಕಿಟಕಿ ಮುಚ್ಚಿದಾಗ ನಾನು ಕುರ್ಚಿಯನ್ನು ದರದರ ಎಳೆದುಕೊಂಡು ಹೋಗಿ ಉಳಿದಿದ್ದ ಕೊನೆಯ, ಆರನೆಯದರ ಕೆಳಗೆ ಹಾಕಿ ಕೂತೆ.

ನಬಿಸಾಬ ಬಂದು ನಿಂತ. ಕದದ ಮೇಲೆ ಕೈಯಿಟ್ಟ.

ನಾನು ಗಟ್ಟಿಯಾಗಿ ಓದತೊಡಗಿದೆ.