ಕೆಂಡಣ್ಣನ ಜೋಡಿ ಚುಕ್ಕಿ

ಬೇಕರಿಯವನಿಗೆ ಊರವರು ಇಟ್ಟ ಹೆಸರು ಕೆಂಡಣ್ಣ. ಒಲೆಯ ಮುಂದೆ ಬೆಳೆದವನು ಅಂತ ಅಲ್ಲ, ಕೋಪವನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡು ತಿರುಗುತ್ತಾನೆ ಅಂತ. ಮನುಷ್ಯ ಒಳ್ಳೆಯವನೇ. ಹಿಟ್ಟಿಗೆ ಉಪ್ಪು ಒಂದು ಚಿಟಿಕೆ ಹೆಚ್ಚಾದರೂ ಇಡೀ ತಟ್ಟೆ ಬ್ರೆಡ್ಡನ್ನು ಮಾರದೆ ಎತ್ತಿಡುವಷ್ಟು ನಿಯತ್ತು. ಆದರೆ ಗಾಲ್ಫ್ ಚೆಂಡು ಹೇಳಿದ ಕಡೆ ಹೋಗದಿದ್ದರೆ ಅವನೊಳಗಿನ ಮನುಷ್ಯ ಎದ್ದುಹೋಗಿ ಇನ್ನೇನೋ ಬಂದು ಕೂರುತ್ತಿತ್ತು.

ನಸುಕಿನಲ್ಲೇ ಒಲೆ ಹೊತ್ತಿಸುವವನಿಗೆ ಮಧ್ಯಾಹ್ನ ಬಿಡುವು. ಊರಾಚೆಯ ಸಣ್ಣ ಗಾಲ್ಫ್ ಮೈದಾನಕ್ಕೆ ಹೋಗುತ್ತಿದ್ದ. ಜೊತೆಗೆ ಹೆಂಡತಿಯ ಅಣ್ಣ, ಪೇಟೆ ಬೀದಿಯಲ್ಲಿ ಕ್ಷೌರದಂಗಡಿ ಇಟ್ಟಿರುವ ಭಾವ. ಸಂಬಂಧ ಬೆಳೆಯುವ ಮೊದಲೇ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಮೇಷ್ಟ್ರ ಕೈಲಿ ಏಟು ತಿಂದವರು. ಹಾಗಾಗಿ ಮಾತಿನಲ್ಲಿ ಮರ್ಯಾದೆ ಗಿರ್ಯಾದೆ ಇರಲಿಲ್ಲ. ಸಿಟ್ಟು ಬಂದಾಗ ಮಾತ್ರ ಭಾವ ಇವನನ್ನು ‘ಬೇಕರಿ ಯಜಮಾನರೇ’ ಅನ್ನುತ್ತಿದ್ದ.

ಆ ದಿನ ಹಾಗೇ ಅಂದ.

“ಬೇಕರಿ ಯಜಮಾನರೇ, ಈ ಸಲ ಜೋಡಿ ಪಂದ್ಯಕ್ಕೆ ನಾನು ಔಷಧಿ ಅಂಗಡಿಯವನ ಜೊತೆ ಆಡೋಣ ಅಂತಿದೀನಿ.”

ಕೆಂಡಣ್ಣ ನಿಂತಲ್ಲೇ ನಿಂತ. ಜೋಡಿ ಪಂದ್ಯವೆಂದರೆ ಇಬ್ಬರಿಗೂ ಒಂದೇ ಚೆಂಡು. ಒಬ್ಬ ಹೊಡೆದ ಮೇಲೆ ಇನ್ನೊಬ್ಬ ಹೊಡೆಯಬೇಕು. ಒಬ್ಬ ಪೊದೆಗೆ ಅಟ್ಟಿದರೆ ಇನ್ನೊಬ್ಬ ಪೊದೆಗೆ ಇಳಿಯಬೇಕು. ಸಂಸಾರದ ಹಾಗೆ. ಇಷ್ಟು ವರ್ಷ ಅವರಿಬ್ಬರೇ ಜೋಡಿ.

“ಯಾಕೆ, ನನಗೇನಾಗಿದೆ?”

“ನಿನಗೇನೂ ಆಗಿಲ್ಲ, ಆಗೋದೆಲ್ಲ ನನಗೆ. ವರ್ಷಾ ವರ್ಷಾ ಮುಳ್ಳುಪೊದೆ ಹೊಕ್ಕು ಹೊಕ್ಕು ನನ್ನ ಪ್ಯಾಂಟೆಲ್ಲ ಜರಡಿ ಆಗಿದೆ ಕಣೋ. ಪಂದ್ಯಕ್ಕೆ ಇನ್ನೂ ಒಂದು ತಿಂಗಳಿದೆ. ಸುಧಾರಿಸಿಕೊಂಡ್ರೆ ಸರಿ. ಇಲ್ದಿದ್ರೆ ಇಲ್ಲ.”

ಕೆಂಡಣ್ಣನಿಗೆ ಹೆದರಿಕೆ ಹತ್ತಿತು. ಹೆಂಡತಿ ತವರಿಗೆ ಹೋಗುತ್ತೇನೆ ಅಂದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಅವಳ ತವರು ಎರಡನೇ ಬೀದಿಯಲ್ಲೇ ಇತ್ತು.

ಮನೆಗೆ ಬಂದವನೇ, “ನನ್ನ ದೊಡ್ಡ ಕೋಲೇ ಸರಿಯಿಲ್ಲ. ಮೊದಲ ಹೊಡೆತದಲ್ಲೇ ದೂರ ಸಾಲಲ್ಲ. ಹೊಸದು ತಗೋಬೇಕು,” ಎಂದು ಕೂಗಾಡಿದ.

ಮಗಳು ನೀರು ಸರಬರಾಜು ಕಚೇರಿಯಲ್ಲಿ ಕೆಲಸ ಮಾಡುವವಳು. ದಿನವಿಡೀ ಯಾವ ಕೊಳವೆಯಲ್ಲಿ ನೀರು ಸೋರುತ್ತಿದೆ ಅಂತ ಹುಡುಕುವುದೇ ಅವಳ ಉದ್ಯೋಗ.

“ಅಪ್ಪಾ, ಬ್ರೆಡ್ ಉಬ್ಬದೇ ಇದ್ರೆ ನೀನು ಮೊದಲು ಏನ್ ಮಾಡ್ತೀಯಾ? ಹೊಸ ಒಲೆ ತರ್ತೀಯಾ?”

“ಹುಚ್ಚೀ, ಒಲೆ ಬಿಸಿ ಎಷ್ಟಿದೆ ಅಂತ ನೋಡ್ತೀನಿ. ಹಿಟ್ಟು ತೂಗ್ತೀನಿ.”

“ಆಟಕ್ಕೂ ಅಷ್ಟೇ. ಎಲ್ಲಿ ಸೋರ್ತಿದೆ ಅಂತ ಮೊದಲು ಅಳೀಬೇಕು.”

ಅಂಗಿ ಗುಂಡಿಯಂಥ ಪುಟ್ಟ ಯಂತ್ರಗಳನ್ನು ತರಿಸಿ, ಒಂದೊಂದು ಕೋಲಿನ ಹಿಡಿಯ ತುದಿಗೂ ಒಂದೊಂದು ಸಿಕ್ಕಿಸಿದಳು. ಕೋಲು ಬೀಸಿ ಹೊಡೆದಾಗಲೆಲ್ಲ ಜೇಬಿನ ಫೋನು ‘ಟಿಣ್’ ಅನ್ನುತ್ತದೆ. ಯಾವ ಕೋಲು, ಎಲ್ಲಿ ನಿಂತು ಹೊಡೆದದ್ದು, ಮುಂದಿನ ಹೊಡೆತ ಎಲ್ಲಿಂದ, ಎಲ್ಲ ಮೈದಾನದ ನಕ್ಷೆಯ ಮೇಲೆ ಚುಕ್ಕಿಯಾಗಿ ಬೀಳುತ್ತದೆ. ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆದರೆ ಆಟದ ಜಾತಕ ಎದುರಿಗೆ.

ಮೊದಲ ವಾರ ಕಳೆದ ಮೇಲೆ ಅಪ್ಪ ಮಗಳು ಊಟದ ಮೇಜಿನ ಮೇಲೆ ಜಾತಕ ಬಿಡಿಸಿದರು.

“ನಿನ್ನ ದೊಡ್ಡ ಕೋಲಿಗೆ ಏನೂ ಆಗಿಲ್ಲಪ್ಪ. ಮೊದಲ ಹೊಡೆತ ಚೆನ್ನಾಗೇ ಇದೆ. ಕುಳಿ ಹತ್ರ ಉರುಳಿಸೋದೂ ಪರವಾಗಿಲ್ಲ. ಆದ್ರೆ ಇದೇನಿದು? ಒಂದೇ ಜಾಗದಲ್ಲಿ ಎರಡೆರಡು ಚುಕ್ಕಿ. ಇಲ್ಲೂ ಜೋಡಿ, ಅಲ್ಲೂ ಜೋಡಿ. ಒಂದೇ ಚೆಂಡಿಗೆ ಎರಡು ಸಲ ಹೊಡೆದ್ಯಾ?”

“ನಾನು ಹೊಡೆದದ್ದು ಒಂದೇ. ಯಂತ್ರ ಸುಳ್ಳು ಹೇಳ್ತಿದೆ.”

“ಜೋಡಿ ಚುಕ್ಕಿ ಬಿದ್ದ ಕಡೆ ಅದರ ಮುಂದಿನ ಹೊಡೆತ ನೋಡು. ಮರ, ಕೆರೆ, ಮುಳ್ಳುಪೊದೆ.”

“ಯಂತ್ರಾನೇ ಸುಳ್ಳಾದ ಮೇಲೆ ಮುಂದಿಂದೇನು ಹಿಂದಿಂದೇನು! ಕಳ್ಳ ತಕ್ಕಡಿ!”

ಬೇಕರಿಯಲ್ಲಿ ತಕ್ಕಡಿಯ ಮೇಲೆ ಅನುಮಾನ ಬಂದರೆ ತೂಕ ಗೊತ್ತಿರುವ ಕಲ್ಲಿಟ್ಟು ಪರೀಕ್ಷೆ ಮಾಡುವುದು ಅವನ ಪದ್ಧತಿ. ಮರುದಿನ ಒಬ್ಬನೇ ಮೈದಾನಕ್ಕೆ ಹೋದ. ಒಂದು ಜೇಬಿನ ತುಂಬ ಹುರುಳಿಕಾಳು. ಒಂದು ಹೊಡೆತಕ್ಕೆ ಒಂದು ಕಾಳು ಆ ಜೇಬಿನಿಂದ ಈ ಜೇಬಿಗೆ. ಕೊನೆಗೆ ಕಾಳೂ ಚುಕ್ಕಿಯೂ ತಾಳೆಯಾಗದಿದ್ದರೆ ಯಂತ್ರವನ್ನು ಕೆರೆಗೆಸೆಯುವುದೆಂದು ಶಪಥ.

ಮೊದಲೆರಡು ಕುಳಿ ಸರಿಯಾಗೇ ನಡೆಯಿತು. ಕಾಳೆಷ್ಟೋ ಚುಕ್ಕಿಯೂ ಅಷ್ಟೇ. ಮೂರನೆಯದರಲ್ಲಿ ಚೆಂಡು ಸೊಟ್ಟಗೆ ಹೋಯಿತು. ಕಾಳು ಬದಲಿಸಿ ಫೋನು ನೋಡಿದರೆ ಚುಕ್ಕಿ ಎರಡು!

“ಹಾಳಾಗ್ ಹೋಗ!” ಎಂದು ಕೂಗಿ ಕೋಲಿನಿಂದ ನೆಲಕ್ಕೆ ಧಡ್ ಎಂದು ಬಡಿದ.

ಟಿಣ್.

ಕೆಂಡಣ್ಣ ಫೋನು ನೋಡಿದ. ಚುಕ್ಕಿ ಮೂರಾಗಿತ್ತು. ಕೋಲು ನೋಡಿದ. ಹುಲ್ಲು ಕಿತ್ತು ಮಣ್ಣು ಕಾಣುತ್ತಿದ್ದ ನೆಲ ನೋಡಿದ. ಅಲ್ಲಿ ಒಂದಲ್ಲ, ಎರಡು ಹೊಸ ಗಾಯ. ಸೊಟ್ಟ ಹೊಡೆತ ಆದ ಕೂಡಲೇ ಒಂದು ಸಲ ಬಡಿದಿದ್ದ. ಅದು ಅವನಿಗೇ ಗೊತ್ತಿರಲಿಲ್ಲ. ಉಸಿರಾಡಿದ್ದು ಯಾರಿಗಾದರೂ ನೆನಪಿರುತ್ತದೆಯೇ? ಯಾರಾದರೂ ನೋಡಿದರೇ ಅಂತ ಸುತ್ತ ಕಣ್ಣಾಡಿಸಿದ. ಬೇಲಿಯ ಮೇಲೆ ಕೂತ ಕಾಗೆ ಮಾತ್ರ ಕತ್ತು ವಾಲಿಸಿ ನೋಡುತ್ತಿತ್ತು.

“ಏನ್ ನೋಡ್ತೀಯಾ?” ಎಂದು ಅದನ್ನೂ ಗದರಿದ. ಆದರೆ ಆ ಗದರಿಕೆಯಲ್ಲಿ ಜೀವ ಇರಲಿಲ್ಲ.

ಚೆಂಡು ಪೊದೆಗೆ ಹೋಗುತ್ತಿದ್ದದ್ದು ಸೊಟ್ಟ ಹೊಡೆತದಿಂದಲ್ಲ. ಸೊಟ್ಟ ಹೊಡೆತ ಎಲ್ಲರಿಗೂ ಬೀಳುತ್ತದೆ. ನೆಲಕ್ಕೆ ಬಡಿದು, ತೋಳು ಮರದ ಕೊರಡಿನಂತಾಗಿರುವಾಗಲೇ ಮುಂದಿನದಕ್ಕೆ ಬೀಸುತ್ತಿದ್ದನಲ್ಲ, ಸೋರುತ್ತಿದ್ದದ್ದು ಅಲ್ಲಿ.

ಸಂಜೆ ಮಗಳ ಮುಂದೆ ಒಪ್ಪಿಕೊಂಡ. ಮಗಳು ನಗು ತಡೆಯಲಾರದೆ ಒಳಗೋಡಿದಳು. ಹೆಂಡತಿ ಮಾತ್ರ ನಗಲಿಲ್ಲ.

“ಮದುವೆ ಆದಾಗಿಂದ ಹೇಳ್ತಾನೇ ಇದೀನಿ. ನನ್ನ ಬಾಯಿಗೆ ಟಿಣ್ ಅನ್ನೋಕೆ ಬರಲಿಲ್ಲ, ಅದಕ್ಕೇ ನಂಬಲಿಲ್ಲ ನೀವು.”

ಕೋಪ ಬಿಡು ಅಂದರೆ ಬಿಡುವುದಕ್ಕೆ ಅದೇನು ಚಪ್ಪಲಿಯೇ? ಉಸಿರು ಎಣಿಸಿ ನೋಡಿದ, ಎಣಿಕೆ ತಪ್ಪಿ ಅದಕ್ಕೂ ಸಿಟ್ಟು ಬಂತು. ಹಲ್ಲು ಕಚ್ಚಿ ನೋಡಿದ, ದವಡೆ ನೋವಾಯಿತು. ಕೊನೆಗೆ ಒಂದು ದಿನ ನಸುಕಿನಲ್ಲಿ ಹಿಟ್ಟು ನಾದುತ್ತಿರುವಾಗ ಹೊಳೆಯಿತು. ಈ ಹಲಗೆಯ ಮುಂದೆ ತನಗೆ ಒಂದು ದಿನವೂ ಕೋಪ ಬಂದಿಲ್ಲ. ಹಿಟ್ಟಿನ ಹತ್ತಿರ ಅವಸರ ನಡೆಯುವುದಿಲ್ಲ. ಬೆರಳಿಂದ ಒತ್ತಬೇಕು, ಗುಳಿ ನಿಧಾನವಾಗಿ ಮೇಲೆದ್ದು ಬಂದರೆ ಹದ. ಬರದಿದ್ದರೆ ಕಾಯಬೇಕು. ಹಿಟ್ಟನ್ನು ಬೈದು ಹದಕ್ಕೆ ತಂದವನು ಇನ್ನೂ ಹುಟ್ಟಿಲ್ಲ.

ಅಂದು ಮಧ್ಯಾಹ್ನ ಒಂದು ಉಂಡೆ ಹಿಟ್ಟು ಜೇಬಿಗೆ ಹಾಕಿಕೊಂಡು ಹೋದ. ಈಸ್ಟ್ ಬೆರೆಸಿದ ಹಿಟ್ಟು. ಬಿಸಿಲಿಗೆ ಉಬ್ಬಿ ಉಬ್ಬಿ ಜೇಬಿನಿಂದ ಹೊರಗೆ ಇಣುಕಿತು. ಭಾವ ಹುಲ್ಲಿನ ಮೇಲೆ ಬಿದ್ದು ಹೊರಳಾಡಿ ನಕ್ಕ.

“ಏನೋ ಕೆಂಡಣ್ಣ, ನಿನಗೆಷ್ಟು ತಿಂಗಳು?”

ಮಾರನೆಯ ದಿನದಿಂದ ಈಸ್ಟ್ ಹಾಕದ ಹಿಟ್ಟು, ಮೇಲೆ ಒಣಹಿಟ್ಟು ಉದುರಿಸಿ, ಬಟ್ಟೆ ಚೀಲದಲ್ಲಿ. ಹೊಡೆತ ಸೊಟ್ಟಗಾದರೆ ಕೋಲು ಚೀಲಕ್ಕೆ, ಉಂಡೆ ಕೈಗೆ. ನಾದುತ್ತಾ ನಡೆಯುವುದು. ಚೆಂಡಿನ ಹತ್ತಿರ ನಿಂತು ಬೆರಳಿಂದ ಒತ್ತುವುದು. ಗುಳಿ ಮೇಲೆದ್ದ ಮೇಲೆಯೇ ಮುಂದಿನ ಹೊಡೆತ. ನಕ್ಷೆಯಲ್ಲಿ ಜೋಡಿ ಚುಕ್ಕಿಗಳು ಕಡಿಮೆಯಾಗುತ್ತಾ ಬಂದವು. ಪೊದೆಗಳಿಗೂ ಬಿಡುವು ಸಿಕ್ಕಿತು.

“ಇದೊಂದು ಸಲ,” ಅಂದ ಭಾವ. “ಇದೊಂದೇ ಸಲ ನಿನ್ನ ಜೊತೆ ಆಡಿ ನೋಡ್ತೀನಿ.”

ಪಂದ್ಯದ ದಿನ ಭಾವನ ಕೋಲು ಹೊರುವ ಚೀಲದ ಪಟ್ಟಿ ಹರಿದಿತ್ತು. ಇಬ್ಬರೂ ಕೆಂಡಣ್ಣನ ಕೋಲುಗಳಲ್ಲೇ ಆಡಿದರು. ಆಟ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ನಡೆಯಿತು. ಎರಡು ಸಲ ಕೆಂಡಣ್ಣನ ಹೊಡೆತ ಕೆಟ್ಟಿತು, ಎರಡು ಸಲವೂ ಹಿಟ್ಟು ನಾದಿದ. ಹಿಂದೆ ಬರುತ್ತಿದ್ದ ಔಷಧಿ ಅಂಗಡಿಯವನು, “ಇಲ್ಲೇ ಒಲೆ ಹಾಕ್ತೀರಾ ಹೇಗೆ?” ಅಂತ ಕೆಣಕಿದ. ಕೆಂಡಣ್ಣ ಒಣಹಿಟ್ಟಿನ ಕೈಯಿಂದಲೇ ನಮಸ್ಕಾರ ಮಾಡಿದ.

ಕೊನೆಯ ಕುಳಿ. ಹುಲ್ಲು ನುಣ್ಣಗಿತ್ತು, ದಾರಿ ನೇರವಾಗಿತ್ತು, ಹೊಡೆತ ಭಾವನದು. ಎಳೆಗೂಸಿನ ತಲೆಯ ಮೇಲೂ ನಡುಗದೆ ಕತ್ತರಿ ಆಡಿಸುವ ಕೈ ಅದು. ಕತ್ತರಿ ಹಿಡಿದು ಕೋಪ ಮಾಡಿಕೊಂಡರೆ ಗಿರಾಕಿಯ ಕಿವಿ ಉಳಿಯುತ್ತಾ ಅಂತ ಊರಿಗೆಲ್ಲ ಬುದ್ಧಿ ಹೇಳುವವನು. ಆ ಕೈ ಚೆಂಡನ್ನು ತೆಗೆದುಕೊಂಡು ಹೋಗಿ ನೆಟ್ಟಗೆ ಮರಳಿನ ಗುಂಡಿಗೆ ಹಾಕಿತು.

ಎಲ್ಲರೂ ಕೆಂಡಣ್ಣನ ಮುಖ ನೋಡಿದರು. ಆಗ ಕೇಳಿಸಿತು ಧಡ್!

ಬಡಿದವನು ಕೆಂಡಣ್ಣನಲ್ಲ, ಭಾವ.

ಭಾವ ಮುಖ ಕೆಂಪಗೆ ಮಾಡಿಕೊಂಡು ನೆಲ ನೋಡುತ್ತಿದ್ದ. ಕೆಂಡಣ್ಣನ ನಾಲಿಗೆಯ ತುದಿಗೆ ಇಷ್ಟು ವರ್ಷದ ಬಾಕಿ ಮಾತೆಲ್ಲ ಬಂದು ಕೂತವು. ಒಂದನ್ನೂ ಆಡಲಿಲ್ಲ. ಚೀಲದಿಂದ ಉಂಡೆ ತೆಗೆದು ಭಾವನ ಕೈಗಿಟ್ಟ.

“ತಗೋ, ನಾದು. ಗುಳಿ ಎದ್ದ ಮೇಲೆ ಹೇಳು, ನಾನು ಹೊಡೀತೀನಿ.”

ಭಾವ ನಾದಿದ. ಬೆರಳಿಂದ ಒತ್ತಿದ. ಇಬ್ಬರೂ ತಲೆಗೆ ತಲೆ ಹಚ್ಚಿ ನೋಡುತ್ತಾ ನಿಂತರು. ಗುಳಿ ಮೆಲ್ಲಗೆ ಎದ್ದಿತು.

“ಹದ ಬಂತು ಕಣೋ,” ಅಂದ ಭಾವ, ಸಣ್ಣ ದನಿಯಲ್ಲಿ.

ಕೆಂಡಣ್ಣ ಮರಳಿಗಿಳಿದು ಬೀಸಿದ. ಚೆಂಡು ಮರಳಿನ ಜೊತೆ ಎದ್ದು, ಕುಳಿಯಿಂದ ಗೇಣುದ್ದ ಆಚೆಗೆ ಬಂದು ನಿಂತಿತು. ಭಾವ ಉರುಳಿಸಿ ಒಳಗೆ ಹಾಕಿದ. ಗೆದ್ದವರು ಬೇರೆ ಯಾರೋ. ಇವರು ಮೂರನೆಯವರು. ಆದರೆ ಇಬ್ಬರೂ ಗೆದ್ದವರಿಗಿಂತ ಜೋರಾಗಿ ಕೂಗಿಕೊಂಡರು.

ಸಂಜೆ ಕೆಂಡಣ್ಣನ ಅಡುಗೆಮನೆಯಲ್ಲಿ ಎಲ್ಲರಿಗೂ ಚಹಾ, ಬೆಣ್ಣೆ ಹಚ್ಚಿದ ಬ್ರೆಡ್ಡು. ಮಗಳು ಫೋನು ತೆಗೆದು ನಕ್ಷೆಯ ಮೇಲೆ ಬೆರಳಾಡಿಸಿದಳು.

“ಶುದ್ಧ... ಇದೂ ಶುದ್ಧ... ಅಯ್ಯೋ ಅಪ್ಪಾ! ಕೊನೇದರಲ್ಲಿ ಜೋಡಿ ಚುಕ್ಕಿ!”

“ನಾಯಿ ಬಾಲ!” ಅಂದಳು ಹೆಂಡತಿ. “ನಮ್ಮಣ್ಣನ್ನ ನೋಡಿ ಕಲೀರಿ. ಒಂದು ದಿನ ದನಿ ಎತ್ತಿದವನಲ್ಲ.”

ಕೆಂಡಣ್ಣ ಚಹಾ ಲೋಟದೊಳಗೆ ಏನೋ ಬಿದ್ದಿದೆ ಎಂಬಂತೆ ಅದನ್ನೇ ನೋಡುತ್ತಾ ಕೂತ. ಭಾವ ಬ್ರೆಡ್ಡು ಅಗಿಯುವುದು ನಿಲ್ಲಿಸಿದ. ನುಂಗಿದ. ಕೆಮ್ಮಿದ.

“ಅದು ಅವನದಲ್ಲ ಕಣಮ್ಮ. ನಂದು.”

ಹೆಂಡತಿಗೆ ಬಂದ ನಗು, ಲೋಟ ಕೆಳಗಿಟ್ಟು ಗೋಡೆ ಹಿಡಿದುಕೊಳ್ಳುವಷ್ಟು.

ಭಾವ ಇನ್ನೊಂದು ತುಂಡು ಬ್ರೆಡ್ಡಿಗೆ ಕೈ ಹಾಕುತ್ತಾ, ಯಾರ ಮುಖವನ್ನೂ ನೋಡದೆ ಅಂದ:

“ಲೋ ಕೆಂಡಣ್ಣ, ಮುಂದಿನ ವರ್ಷ ಉಂಡೆ ಎರಡು ಮಾಡ್ಕೊಂಡ್ ಬಾ.”