ಪಕ್ಕದ ಮೇಜು

"ಸ್ವಲ್ಪ ಓರೆ ಮಾಡಿ... ಇನ್ನೂ ಸ್ವಲ್ಪ... ಹಾಂ, ಈಗ ಎಳೀರಿ," ಎಂದ ಸತ್ತವರ ತಮ್ಮ. ಬಾಗಿಲಲ್ಲಿ ಸಿಕ್ಕಿಕೊಂಡಿದ್ದ ಶವಪೆಟ್ಟಿಗೆ ಗೋಡೆಯ ಸುಣ್ಣ ಕೆರೆದುಕೊಂಡು ಹೊರಗೆ ಬಂತು. ಸತ್ತವರು ಕೆಲಸ ಮಾಡುತ್ತಿದ್ದ ಪ್ರಯೋಗಾಲಯದವರು ಗೇಟಿನ ಬಳಿ ಗುಂಪಾಗಿ ನಿಂತಿದ್ದರು. ಅವರ ಬೆನ್ನ ಹಿಂದೆ, ಯಾರ ಕಣ್ಣಿಗೂ ಬೀಳದಂತೆ, ಕನ್ನಡಕ ತಲೆಯ ಮೇಲೇರಿಸಿಕೊಂಡು ಸಂಶೋಧಕಿ ನಿಂತಿದ್ದಳು. ಮುಖ ತೋರಿಸಿ ಹೊರಟುಬಿಡೋಣ ಎಂದೇ ಬಂದಿದ್ದಳು.

"ನಮ್ಮ ಅನುಮಾನಪ್ಪ ಹೋಗೇಬಿಟ್ರಲ್ಲ," ಎಂದು ಗುಮಾಸ್ತ ಮೂಗೊರೆಸಿಕೊಂಡ. "ಏನು ತೋರಿಸಿದ್ರೂ 'ಇನ್ನೊಂದ್ಸಲ ಮಾಡಿ ನೋಡೋಣ' ಅನ್ನೋರು. ಸಾವು ಎದುರಿಗೆ ಬಂದಾಗ್ಲೂ ಹಾಗೇ ಅಂದಿರ್ಬೇಕು."

ಅಷ್ಟರಲ್ಲಿ ಸತ್ತವರ ಹೆಂಡತಿ ಗುಂಪನ್ನು ಸರಿಸಿಕೊಂಡು ನೇರ ಸಂಶೋಧಕಿಯ ಮುಂದೆ ಬಂದರು.

"ಪಕ್ಕದ ಮೇಜಿನವರು ನೀವೇ ಅಲ್ವಾ? ಕನ್ನಡಕ ತಲೆ ಮೇಲೆ ಏರಿಸ್ಕೊಂಡು ಮೇಜೆಲ್ಲಾ ಹುಡುಕ್ತಾಳೆ ಅಂತ ಹೇಳ್ತಿದ್ರು. ಇಲ್ಯಾಕೆ ನಿಂತಿದ್ದೀರಿ? ಮನೆಯವರ ಜೊತೆ ಬನ್ನಿ."

ಅವರು ಕೈ ಹಿಡಿದ ರಭಸಕ್ಕೆ ಒಲ್ಲೆ ಎನ್ನಲಾಗಲಿಲ್ಲ.

*

ಹಿಂದೊಮ್ಮೆ ಅವಳೂ ಅನುಮಾನಪ್ಪನೂ ಸೇರಿ ಒಂದು ಆಂಟಿಬಾಡಿ ತಯಾರಿಸಿದ್ದರು. ರೋಗದ ವಿರುದ್ಧ ಕಾದಾಡುವ ಜೀವಕೋಶ ಎಚ್ಚೆತ್ತಾಗ ಅದರೊಳಗಿನ ಒಂದು ಪ್ರೋಟೀನಿಗೆ ಫಾಸ್ಫೇಟಿನ ತುಣುಕು ಅಂಟಿಕೊಳ್ಳುತ್ತದೆ. ಹಾಗೆ ಅಂಟಿಸಿಕೊಂಡ ಪ್ರೋಟೀನನ್ನಷ್ಟೇ ಹಿಡಿದು, ಪರದೆಯ ಮೇಲೆ ಕಪ್ಪು ಗೆರೆಯಾಗಿ ತೋರಿಸುವುದು ಆ ಆಂಟಿಬಾಡಿಯ ಕೆಲಸ. ಗೆರೆ ಮುದ್ದಾಗಿ ಮೂಡಿತ್ತು. ಅದನ್ನು ನಂಬಿ ಅವಳು ಪ್ರಬಂಧ ಬರೆದಳು. ದೊಡ್ಡ ಹುದ್ದೆಗೆ ಅವಳ ಹೆಸರೂ ಹೋಗಿತ್ತು.

ಅನುಮಾನಪ್ಪ ಸುಮ್ಮನಿರಲಿಲ್ಲ. ಆ ಪ್ರೋಟೀನೇ ಇಲ್ಲದ ಜೀವಕೋಶಗಳನ್ನು ತರಿಸಿ ಪರೀಕ್ಷಿಸಿದರು. ಅಲ್ಲೂ ಅದೇ ಗೆರೆ. ಆಂಟಿಬಾಡಿ ಬೇರೆ ಇನ್ನೇನನ್ನೋ ಹಿಡಿಯುತ್ತಿತ್ತು.

"ನೋಡಮ್ಮ, ಇದು ನಾವಂದ್ಕೊಂಡಿದ್ದಲ್ಲ," ಎಂದು ಮೊದಲು ಅವಳಿಗೇ ಹೇಳಿದರು.

"ಅಚ್ಚಾಗಿಬಿಡ್ಲಿ, ಆಮೇಲೆ ನೋಡೋಣ."

"ಅಚ್ಚಾದ್ರೆ ಇನ್ನೂ ಹತ್ತು ಜನ ನಂಬ್ತಾರಲ್ಲ."

ಮರುದಿನ ಸಭೆಯಲ್ಲಿ ಎಲ್ಲರೆದುರು ಹೇಳಿಬಿಟ್ಟರು. ಪ್ರಬಂಧ ವಾಪಸಾಯಿತು, ಹುದ್ದೆ ಕೈತಪ್ಪಿತು. ಅವಳು ಮಾತು ಬಿಟ್ಟಳು. ಕೆಲವು ದಿನ ಅವರು ಬೆಳಿಗ್ಗೆ "ಬಂದ್ಯಾ?" ಎನ್ನುತ್ತಿದ್ದರು. ಉತ್ತರ ಬಾರದೆ ಅದೂ ನಿಂತಿತು. ಅವಳ ಸಿಟ್ಟು ಆರಿ ವರ್ಷಗಳೇ ಆಗಿದ್ದವು. ಮಾತನ್ನು ಎಲ್ಲಿಂದ ಶುರು ಮಾಡುವುದೆಂದು ಮಾತ್ರ ತಿಳಿಯಲಿಲ್ಲ.

*

ವ್ಯಾನಿನಲ್ಲಿ ಪೆಟ್ಟಿಗೆಯ ಪಕ್ಕ ಕುಳಿತ ಮೇಲೂ ಹೆಂಡತಿ ಅವಳ ಕೈ ಬಿಡಲಿಲ್ಲ.

"ನಿಮ್ಮಮ್ಮ ಈಗ ನಡೀತಾರಾ? ಬಚ್ಚಲಲ್ಲಿ ಬಿದ್ದಿದ್ರಲ್ಲ, ಆ ದಿನ ಇವರಿಗೆ ಊಟಾನೇ ಸೇರ್ಲಿಲ್ಲ. ನಿಮ್ಮ ಮಗಳು ಗಣಿತದಲ್ಲಿ ಪಾಸಾದಾಗ ಕುಣಿದಿದ್ದೇ ಕುಣಿದಿದ್ದು. ದಿನಾ ಚಪ್ಪಲಿ ಬಿಡೋಕೆ ಮುಂಚೇನೇ ಶುರು, ಅವಳು ಹಿಂಗಂದ್ಲು, ನಾನು ಹಿಂಗಂದೆ ಅಂತ."

ಸಂಶೋಧಕಿ ಪೆಟ್ಟಿಗೆಯತ್ತ ತಿರುಗಿದಳು. ಅಮ್ಮ ಬಿದ್ದದ್ದನ್ನು ಅವಳು ಹೇಳಿದ್ದು ತಂಗಿಗೆ, ಫೋನಿನಲ್ಲಿ. ಮಗಳ ಸುದ್ದಿ ಹೇಳಿದ್ದು ಗಂಡನಿಗೆ. ಎರಡೂ ಸಲ ಪಕ್ಕದ ಮೇಜಿಗೆ ಬೆನ್ನು ಹಾಕಿಕೊಂಡು.

"ಮೊನ್ನೆ ಮನೆ ತನಕ ಬರ್ಲೇ ಇಲ್ಲ ನೋಡಿ, ದಾರೀಲೇ ಕುಸಿದ್ರು," ಹೆಂಡತಿಯ ದನಿ ತಗ್ಗಿತು. "ಆ ದಿನದ ಮಾತೊಂದು ನಂಗೆ ಸಿಗ್ಲಿಲ್ಲ. ನಿಮ್ಹತ್ರ ಏನಂದ್ರು?"

ಆ ಸಂಜೆ ಅವರು ಕೋಟು ಕಳಚಿ, ತಮ್ಮ ಮೇಜಿನ ದೀಪ ಆರಿಸಿ, ಒಂದು ಗಳಿಗೆ ನಿಂತು ಹೋಗಿದ್ದರು. ಅವಳು ತಲೆಯೆತ್ತಿರಲಿಲ್ಲ.

"ಮನೇಲಿ ಕಾಯ್ತಿರ್ತಾಳೆ, ಬೇಗ ಹೊರಡ್ತೀನಿ ಅಂದ್ರು."

"ನೀವೇನಂದ್ರಿ?"

"ನಾನು... ಹುಷಾರಾಗಿ ಹೋಗಿ ಅಂದೆ, ಅಕ್ಕ."

ಹೆಂಡತಿ ಕಣ್ಣು ಮುಚ್ಚಿ ಅವಳ ಭುಜಕ್ಕೆ ಒರಗಿದರು.

ಸ್ಮಶಾನದಲ್ಲಿ ಪೆಟ್ಟಿಗೆ ಗುಂಡಿಗೆ ಇಳಿಯಿತು. ಮನೆಯವರು ಒಬ್ಬೊಬ್ಬರಾಗಿ ಮಣ್ಣು ಹಾಕಿ ಸರಿದರು. ಕೊನೆಗೆ ಅವಳು ಒಂದು ಹಿಡಿ ಮಣ್ಣೆತ್ತಿಕೊಂಡು ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತಳು. ತುಟಿಗಳು ಅಲುಗಿದವು, ನಿಂತವು, ಮತ್ತೆ ಅಲುಗಿದವು. ಕಾದು ಬೇಸತ್ತ ಕೆಲಸದವರು ಸಲಿಕೆ ಎತ್ತಿದರು.

ಸತ್ತವರ ಹೆಂಡತಿ ಕೈ ಅಡ್ಡ ಹಿಡಿದರು.

"ಸ್ವಲ್ಪ ತಾಳ್ರಪ್ಪ. ಅವರಿಬ್ರೂ ಏನೋ ಮಾತಾಡ್ತಿದ್ದಾರೆ."

ಸಲಿಕೆಗಳು ಕೆಳಗಿಳಿದವು. ಅವಳ ಮುಷ್ಟಿಯ ಸಂದಿನಿಂದ ಮಣ್ಣು ಸಣ್ಣಗೆ ಉದುರುತ್ತಲೇ ಇತ್ತು.