ಇನ್ನೂರೈವತ್ತೆಂಟು

ಕೆರೆಯ ನೀರು ಮೂರು ದಿನದಿಂದ 257 ಸೆಂಟಿಮೀಟರಿನಲ್ಲೇ ನಿಂತಿತ್ತು. ನಾನು ಜೋಡಿಸಿದ್ದ ಕಂಪ್ಯೂಟರೂ ಅದನ್ನೇ ತೋರಿಸುತ್ತಿತ್ತು. ಪರೀಕ್ಷೆ ಮುಗಿಯಿತೆಂದು ವರದಿ ಬರೆದೆ. ನೀರು ಐನೂರು ದಾಟಿದರೆ ಮೋಟಾರು ತಾನಾಗಿಯೇ ಗೇಟು ಎತ್ತಬೇಕು. 1986ರಲ್ಲಿ ತರೀಕೆರೆ ಕಡೆಗೆ ಇದು ಹೊಸದು.

ಗೇಟು ಕಾಯುವ ಚಿಕ್ಕಬೀರಪ್ಪನಿಗೆ ಇದು ಹಿಡಿಸಿರಲಿಲ್ಲ. ಕೆಳಗಿನ ಹಳ್ಳಕ್ಕೆ ಇಳಿಯುವವರು ಗೇಟಿನ ಚಕ್ರಕ್ಕೆ ತಮ್ಮದೇನಾದರೂ ಸಿಕ್ಕಿಸಿ ಹೋಗುವುದು ಅಲ್ಲಿಯ ರೂಢಿ. ಅದು ಇರುವವರೆಗೆ ಅವನು ಚಕ್ರ ಮುಟ್ಟುತ್ತಿರಲಿಲ್ಲ.

“ನಿಮ್ ಮಿಷನ್ನು ಚಕ್ರ ನೋಡ್ತದಾ ಸ್ವಾಮಿ?”

“ಅದು ನೀರು ನೋಡುತ್ತೆ ಬೀರಪ್ಪ.”

“ನೀರಾಗೆ ಇರೋರ್ನ?”

ನಾನು ನಕ್ಕುಬಿಟ್ಟಿದ್ದೆ.

ನಾಲ್ಕನೆಯ ದಿನ ಬೆಳಿಗ್ಗೆ ಸಣ್ಣ ಮಳೆ ಬಂತು. ಅವನ ಹೆಂಡತಿ ಉಚ್ಚಂಗಮ್ಮ ಚಕ್ರಕ್ಕೆ ಹಸಿರು ಟವೆಲ್ಲು ಸಿಕ್ಕಿಸಿ ಬಟ್ಟೆ ಒಗೆಯಲು ಇಳಿದಿದ್ದಳು. ನನ್ನ ಕಣ್ಣೆದುರಿಗೇ 257 ಹೋಗಿ 513 ಬಂತು. ಮೋಟಾರು ಗುರುಗುಟ್ಟಿತು. ಹಸಿರು ಟವೆಲ್ಲು ಚಕ್ರದೊಂದಿಗೆ ಮೇಲೇರಿ ಆಚೆ ಇಳಿಯಿತು. ನಾನು ನೋಡುತ್ತಲೇ ನಿಂತೆ. ಚಿಕ್ಕಬೀರಪ್ಪ ನನ್ನನ್ನು ತಳ್ಳಿ ಮೇನ್ ಸ್ವಿಚ್ ಎಳೆದ, ಕೈಯಿಂದಲೇ ಚಕ್ರ ತಿರುಗಿಸಿ ಗೇಟು ಇಳಿಸಿದ.

ಉಚ್ಚಂಗಮ್ಮ ಬಂಡೆ ಹತ್ತಿ ಕುಳಿತಿದ್ದಳು. ಬಟ್ಟೆಯ ಬುಟ್ಟಿ ಇರಲಿಲ್ಲ.

ತಪ್ಪು ನನ್ನದು. ಅಳೆಯುವ ಉಪಕರಣ ಸಂಖ್ಯೆಯನ್ನು ಎರಡು ಬೈಟುಗಳಾಗಿ ಕಳಿಸುತ್ತದೆ: ಎಷ್ಟು ಇನ್ನೂರೈವತ್ತಾರುಗಳಿವೆ ಎಂಬುದು ಮೊದಲು, ಉಳಿದದ್ದು ಆಮೇಲೆ. ನನ್ನ ಪ್ರೋಗ್ರಾಮು ಅವನ್ನು ಹಿಂದುಮುಂದಾಗಿ ಓದುತ್ತಿತ್ತು. 257 ಎಂದರೆ ಒಂದು, ಒಂದು, ಅದಲುಬದಲಾದರೂ ಅದೇ. ಮಳೆಗೆ ನೀರು ಒಂದೇ ಸೆಂಟಿಮೀಟರು ಏರಿ 258 ಆಗಿತ್ತು, ಅಂದರೆ ಒಂದು, ಎರಡು. ಅದಲುಬದಲಾದರೆ ಎರಡು, ಒಂದು, ಅಂದರೆ 513. ತಪ್ಪನ್ನು ತೋರಿಸಲಾರದ ಸಂಖ್ಯೆಯನ್ನೇ ನಾನು ಮೂರು ದಿನ ಪರೀಕ್ಷಿಸಿದ್ದೆ.

ಮಧ್ಯಾಹ್ನದ ಹೊತ್ತಿಗೆ ತಿದ್ದಿ, “ಈಗ ಸರಿಯಾಯ್ತು” ಎಂದೆ.

“ಮೊನ್ನೇನೂ ಹಂಗೇ ಅಂದ್ರಿ. ಸರಿಯಾಗಿದ್ರೆ ನೀವೇ ಇಳೀರಿ, ನಾನ್ ಸ್ವಿಚ್ ಹಾಕ್ತೀನಿ.”

ಕೈಗಡಿಯಾರ ಬಿಚ್ಚಿ ಚಕ್ರಕ್ಕೆ ಸಿಕ್ಕಿಸಿದೆ. ಉಚ್ಚಂಗಮ್ಮ ಒಗೆಯುತ್ತಿದ್ದ ಜಾಗದಲ್ಲೇ ಹೋಗಿ ನಿಂತೆ. ನೀರು ಪಾದ ಮುಳುಗುವಷ್ಟೇ ಇತ್ತು.

ಮೇಲೆ ಸ್ವಿಚ್ಚಿನ ಸದ್ದಾಯಿತು. ಗಡಿಯಾರ ಅಲುಗಲಿಲ್ಲ.

“ಇನ್ನೂರೈವತ್ತೆಂಟು,” ಚಿಕ್ಕಬೀರಪ್ಪ ಕೂಗಿದ. “ಹತ್ತಿ ಬನ್ನಿ ಸ್ವಾಮಿ.”

ನಾನು ಗಡಿಯಾರದಿಂದ ಕಣ್ಣು ತೆಗೆಯದೆ ಅಲ್ಲೇ ನಿಂತಿದ್ದೆ. ಅವನೇ ಇಳಿದು ಬಂದು ಕೈ ಹಿಡಿದ.